ಗೇಟಿಗೆ ಕಟ್ಟಿದ ಹಿಪ್ಪುನೇರಳೆ ಸೊಪ್ಪು

ಕ್ಯಾಲನೂರು
ಏಪ್ರಿಲ್ 18, ಬೆಳಿಗ್ಗೆ

ಅಶ್ವತ್ಥಪ್ಪಣ್ಣನವರಿಗೆ ಪಕ್ಕದ ಮನೆ ಸುನಂದಳ ನಮಸ್ಕಾರ.

ಎದುರಿಗೆ ನಿಂತರೆ ಇಬ್ಬರ ದನಿಯೂ ಏರುತ್ತದೆ, ಅದಕ್ಕೇ ಈ ಕಾಗದ.

ಹೋದ ವಾರ ನನ್ನ ಮೇಕೆಗಳು ನಿಮ್ಮ ಹಿಪ್ಪುನೇರಳೆ ತೋಟಕ್ಕೆ ನುಗ್ಗಿ ಎರಡು ಸಾಲು ಮೇದವು. ತಪ್ಪು ನನ್ನದೇ. ಆಗ ನೀವು, "ಇನ್ನೊಂದ್ಸಲ ಬರ್ಲಿ ಕಣಮ್ಮ, ಔಷಧಿ ಹೊಡೆದಿರೋ ಸೊಪ್ಪೇ ತಿನ್ನಿಸ್ತೀನಿ" ಅಂದಿರಿ. ಊರೆಲ್ಲ ಕೇಳಿಸಿಕೊಂಡಿತು.

ಇವತ್ತು ಎದ್ದು ನೋಡಿದರೆ ನನ್ನ ಗೇಟಿಗೆ ಒಂದು ಹೊರೆ ಹಿಪ್ಪುನೇರಳೆ ಸೊಪ್ಪು ಕಟ್ಟಿದೆ. ಗಂಟು ಹಾಕಿದ ರೀತಿಯಲ್ಲೇ ನಿಮ್ಮ ಕೈ ಗೊತ್ತಾಯಿತು.

ಈ ಬಿಸಿಲಿಗೆ ಹೊಲದಲ್ಲಿ ಒಂದು ಹಸಿರೆಲೆಯಿಲ್ಲ. ಒಣ ರಾಗಿ ಹುಲ್ಲು, ಉಪ್ಪು ಬೆಲ್ಲದ ನೀರಿನಲ್ಲೇ ದಿನ ದೂಡುತ್ತಿದ್ದೇನೆ. ಗಬ್ಬದ ಮೇಕೆಗೆ ಹಸಿರು ಬೇಕೇ ಬೇಕು ಎಂದು ಪಶು ಡಾಕ್ಟರು ಹೇಳಿ ಹೋಗಿದ್ದಾರೆ. ಸೊಪ್ಪಿನ ವಾಸನೆಗೆ ಅದು ಹಗ್ಗ ಜಗ್ಗುತ್ತಿದೆ. ಹಾಕಲು ನನಗೆ ಧೈರ್ಯ ಬಂದಿಲ್ಲ.

ಅನುಮಾನಪಟ್ಟಿದ್ದಕ್ಕೆ ಬೈಯಿರಿ, ಆದರೆ ಒಂದು ಕೆಲಸ ಮಾಡಿಕೊಡಿ. ಅದೇ ಹೊರೆಯ ಎರಡು ಹಿಡಿ ಸೊಪ್ಪನ್ನು ಈ ಕಾಗದದ ಜೊತೆ ನಿಮ್ಮ ಹುಳುಮನೆ ಬಾಗಿಲಲ್ಲಿ ಇಟ್ಟಿದ್ದೇನೆ. ನಿಮ್ಮ ರೇಷ್ಮೆಹುಳು ಗೂಡು ಕಟ್ಟಲು ಇನ್ನು ನಾಲ್ಕೇ ದಿನ. ಔಷಧಿ ಸೋಕಿದ ಎಲೆ ತಿಂದರೆ ಒಂದೂ ಉಳಿಯುವುದಿಲ್ಲ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಕಿಟಕಿ ತೆರೆದು ಈ ಸೊಪ್ಪನ್ನು ಅವಕ್ಕೆ ಹಾಕಿ. ನಾನು ಜಗುಲಿಯಿಂದ ನೋಡುತ್ತಿರುತ್ತೇನೆ. ನೀವು ಹಾಕಿದ ತಕ್ಷಣ ನಾನೂ ಹಾಕುತ್ತೇನೆ.

ಹಾಕಲು ಕೈ ಬಾರದಿದ್ದರೆ ಉತ್ತರ ಬೇಡ. ಹೊರೆಯನ್ನು ಗುಂಡಿ ತೋಡಿ ಹೂಳುತ್ತೇನೆ. ಊರಿಗೆ ಹೇಳುವುದಿಲ್ಲ.

ಇತಿ,
ಸುನಂದ