ತಂಗಿಯ ತೂಕ

ಬಣಕಲ್, ಜುಲೈ ೮, ಮಂಗಳವಾರ

ತಂಗಿ ಫರ್ಹತ್‌ಗೆ ಕ್ಯಾನ್ಸರ್ ಎಂದಾಗ, "ಅನ್ನ, ಮಾಂಸ ಬಿಟ್ಟು ಬರೀ ತರಕಾರಿ ರಸ ಕುಡಿ, ಗಡ್ಡೆ ಹಸಿದೇ ಸಾಯುತ್ತೆ" ಎಂದು ಊರಿಗೆಲ್ಲ ಕೇಳುವಂತೆ ಹೇಳಿದವನು ನಾನೇ.

ಇವತ್ತು ನನ್ನ ಅಂಗಡಿಯಲ್ಲಿ ಕಾಳುಮೆಣಸು ತೂಗುವ ಮೆಷಿನ್ ಹತ್ತಿ ನಕ್ಕಳು. "ಎಷ್ಟು ಮೂಟೆ, ಭಾಯಿ?"

ಹೋದ ತಿಂಗಳು ನಲವತ್ತೇಳು ಕೆಜಿ ತೋರಿಸಿದ್ದ ಮುಳ್ಳು ನಲವತ್ತೊಂದಕ್ಕೇ ನಿಂತಿತು. ನಾನು ಅದಕ್ಕೆ ಅಡ್ಡ ನಿಂತು, "ಎರಡು ಕೆಜಿ ಏರಿದ್ದೀಯಲ್ಲೇ!" ಎಂದುಬಿಟ್ಟೆ.

"ಹಾಗಾದ್ರೆ ಗುರುವಾರ ಕಿಮೋಗೆ ನಾನು ಬರಲ್ಲ. ನಿಮ್ಮ ರಸಾನೇ ಸಾಕು."

ನನ್ನ ಮೆಷಿನ್ ಸುಳ್ಳು ಹೇಳುವುದಿಲ್ಲ ಎಂದು ಕಳಸದವರೆಗೂ ಕೊಚ್ಚಿಕೊಂಡವನು ನಾನು. ಅದು ಇವತ್ತೂ ಸುಳ್ಳು ಹೇಳಲಿಲ್ಲ.

ನಾಳೆ ಅವಳನ್ನು ಕರೆಸಿ ಮತ್ತೆ ಹತ್ತಿಸಬೇಕು. ಪಕ್ಕಕ್ಕೆ ಸರಿದು ನಿಲ್ಲಬೇಕು. ಮುಳ್ಳನ್ನು ಅವಳೇ ನೋಡಲಿ. ಆಮೇಲೆ ತಿರುಗಿ ನನ್ನ ಮುಖ ನೋಡುತ್ತಾಳಲ್ಲ, ಆಗ ನಾನು—