ನೂಲು ಒಣಗುವ ಬಯಲು

ಬನಹಟ್ಟಿ, ೧೯೮೬

ಜೂನ್ ೧೯

ಇಂದೂ ನಳಕ್ಕೆ ನೀರಿಲ್ಲ. ಮೃಗಶಿರಾ ಮಳೆ ಒಣಗಿಯೇ ಮುಗಿಯುತ್ತಿದೆ. ಹಳ್ಳದಲ್ಲಿ ಹರಿಯುವುದು ಈಗ ಬಣ್ಣದ ಕಾರ್ಖಾನೆಗಳ ನೀರೊಂದೇ. ಪಕ್ಕದ ಮನೆಯ ಶಂಕ್ರೆವ್ವ ಹಳ್ಳದ ಪಕ್ಕದ ಬಾವಿಯಿಂದ ಸೇದಿದ ಕೊಡವನ್ನು ತಂದು ಅಂಗಳದಲ್ಲಿಟ್ಟಳು. ನೀರು ನಸುಗೆಂಪು.

"ಓಟು ಕೇಳಾಕ ಬಂದಾಗ ನಮ್ಮನಿ ಚಾ ಕುಡದ್ರಿ, ಮೆಂಬರ್ ಬಾಯಾರ. ಇದನ್ನೂ ಒಂದೀಟು ಕುಡೀರಿ."

ಕುಡಿಯಲಿಲ್ಲ. ಮಧ್ಯಾಹ್ನ ಪುರಸಭೆಗೆ ಹೋಗಿ ಠರಾವು ಕೊಟ್ಟೆ— ಬಣ್ಣದ ನೀರು ಹಳ್ಳಕ್ಕೆ ಬಿಡಬಾರದು. ಹಳ್ಳದ ದಂಡೆಯ ಮೊದಲ ಕಾರ್ಖಾನೆ ನನ್ನ ತಮ್ಮ ಅಣ್ಣಾಸಾಹೇಬನದು.

ಜೂನ್ ೨೩

ತಮ್ಮ ಬಂದ. ಚಹಾ ಮುಟ್ಟಲಿಲ್ಲ.

"ಠರಾವಿನ ಮೀಟಿಂಗಿನ ದಿನ ಜಮಖಂಡಿಗೆ ಹೋಗಿಬಿಡಕ್ಕಾ. ದವಾಖಾನಿ ಅನ್ನು, ಏನಾರ ಅನ್ನು."

"ಬಾವಿ ನೀರು ನೀನೂ ನೋಡೀದಿ."

"ಮಳಿ ಆದ್ರ ಎಲ್ಲಾ ತೊಳಕೊಂಡು ಹೋಗತೈತಿ."

"ಹೋದ ವರ್ಷನೂ ಹಿಂಗ ಅಂದಿದ್ದಿ. ಮಳಿ ಎಲ್ಲೈತಿ?"

ಚಪ್ಪಲಿ ಮೆಟ್ಟುತ್ತ ಹೇಳಿದ— ಕೈ ಎತ್ತಿದರೆ ತವರುಮನೆ ಮರೆತುಬಿಡು ಅಂತ. ನಮ್ಮ ಯಜಮಾನರು ಒಳಗೇ ಕೂತು ಎಲ್ಲ ಕೇಳುತ್ತಿದ್ದರು. ನಮ್ಮ ಮಗ್ಗಕ್ಕೆ ನೂಲು ಬರುವುದೂ ಅವನಲ್ಲಿಂದಲೇ...

ಜುಲೈ ೧, ಸಂಜೆ

ಮೀಟಿಂಗ್ ಮುಗಿಯಿತು.

ಪುರಸಭೆ ಗೇಟಿಗೆ ಅಡ್ಡವಾಗಿ ಬಣ್ಣದ ಕೆಲಸಗಾರರು ಕೂತಿದ್ದರು. ಮುಂದೆ ಹುಲೆಪ್ಪ, ತಮ್ಮನ ಹಳೆಯ ಬಣ್ಣಗಾರ. ಮೊಣಕೈವರೆಗೂ ನೀಲಿ.

"ದಾರಿ ಬಿಡತೀವ್ರಿ ಅಕ್ಕಾರ. ಕಾರ್ಖಾನಿ ಬಂದಾದ್ರ ನಾಳಿ ಒಲಿ ಹೆಂಗ ಹಚ್ಚೂದು, ಅಷ್ಟು ಹೇಳಿ ಹೋಗ್ರಿ."

ಹೇಳದೆ ಮುಂದೆ ನಡೆದೆ. ಆದರೂ ದಾರಿ ಬಿಟ್ಟರು.

ಒಳಗೆ ಎದ್ದು ನಿಂತಾಗ ಅದೇ ಮಾತು ಕಿವಿಯಲ್ಲಿ. ಬರೆದುಕೊಟ್ಟ ಠರಾವನ್ನು ಓದಲಿಲ್ಲ. ಕಾರ್ಖಾನೆಗಳ ಹಿಂದಿನ ಪುರಸಭೆ ಬಯಲಲ್ಲಿ ಹೊಂಡ ತೋಡೋಣ, ಬಣ್ಣದ ನೀರು ಅಲ್ಲಿ ನಿಲ್ಲಲಿ, ತೋಡುವ ಕೂಲಿ ಗೇಟಿನಲ್ಲಿ ಕೂತವರಿಗೇ ಸಿಗಲಿ ಅಂದೆ. ಗದ್ದಲ. ಕೈ ಎತ್ತಿಸಿದರು— ಸಮಸಮ. ಕೊನೆಗೆ ಅಧ್ಯಕ್ಷರು ನನ್ನ ಪರ ಕೈ ಎತ್ತಿದರು. ಠರಾವು ಪಾಸ್.

ಜುಲೈ ೨

ತಮ್ಮ ಕಾರ್ಖಾನೆಗೆ ಬೀಗ ಹಾಕಿದ್ದಾನೆ. "ಪಗಾರ ಮೆಂಬರ್ ಬಾಯಿ ಕಡೆ ಕೇಳ್ರಿ" ಅಂದನಂತೆ. ನಮ್ಮ ಮಗ್ಗವೂ ನಿಂತಿತು. ಇವರು ಒಂದೇ ಮಾತು ಕೇಳಿದರು— "ಹೊಂಡ ಯಾವಾಗ ಚಾಲೂ?"

ಜುಲೈ ೯

ಹೊಂಡ ಇಂದು ಚಾಲೂ ಆಗಬೇಕಿತ್ತು. ಬೆಳಿಗ್ಗೆ ಹೋದರೆ ಬಯಲು ತುಂಬ ಬೊಂಬು, ಬೊಂಬಿನ ತುಂಬ ನೂಲು. ಗೋದಾಮಿನಲ್ಲಿದ್ದದ್ದನ್ನೆಲ್ಲ ತಮ್ಮ ತಂದು ತೂಗುಹಾಕಿದ್ದಾನೆ. ಕೆಂಪು, ಹಸಿರು, ಕಪ್ಪು. ನಡುವೆ ತಾನೇ ನಿಂತಿದ್ದಾನೆ.

"ನೂಲಿಗೆ ಕೈ ಹಚ್ಚಿದ್ರ ನಾ ನಿನ್ನ ತಮ್ಮ ಅಲ್ಲ."

ಗುದ್ದಲಿ ಹಿಡಿದವರೆಲ್ಲ ನಿಂತುಬಿಟ್ಟರು. ತಾವೇ ಅದ್ದಿದ ನೂಲು, ತುಳಿಯಲು ಯಾರಿಗೂ ಮನಸ್ಸಿಲ್ಲ. ಹೋಗಿ ಬೊಂಬಿನಿಂದ ನೂಲಿನ ಒಂದು ಲಡಿ ತೆಗೆದೆ. ಎಲ್ಲಿಡುವುದು ತಿಳಿಯಲಿಲ್ಲ, ಸೆರಗಿನಲ್ಲಿ ಹಿಡಿದು ನಿಂತೆ. ಹುಲೆಪ್ಪ ತನ್ನ ತಲೆಯ ಪಟಕಾ ಬಿಚ್ಚಿ ನೆಲಕ್ಕೆ ಹಾಸಿದ.

"ಇದರ ಮ್ಯಾಲ ಇಡ್ರಿ. ಮಣ್ಣು ಹತ್ತಬಾರದು."

ಆಮೇಲೆ ಒಬ್ಬೊಬ್ಬರೇ ಬಂದರು. ಲಡಿಗಳನ್ನು ಮಡಿಸಿ, ಬಣ್ಣಕ್ಕೆ ಬಣ್ಣ ಕೂಡಿಸಿ, ಅವನ ಕಾರ್ಖಾನೆ ಕಟ್ಟೆಯ ಮೇಲೆ ಒಟ್ಟಿದರು. ತಮ್ಮ ತಡೆಯಲಿಲ್ಲ. ಮುಖ ಆ ಕಡೆ ಮಾಡಿಕೊಂಡು ನಿಂತಿದ್ದ. ಮೊದಲ ಗುದ್ದಲಿ ಏಟು ಬಿದ್ದ ಮೇಲೆ ಹೊರಟುಹೋದ. ಗೆದ್ದೆ ಅನಿಸಲಿಲ್ಲ.

ಜುಲೈ ೧೪, ಸಂಜೆ

ಹೊಂಡ ಆಳುದ್ದ ಆಳವಾಗಿದೆ. ನಾನೂ ತೋಡಿ ಅಂಗೈಗೆ ಬೊಬ್ಬೆ, ಪೆನ್ ಹಿಡಿಯಲಾಗುತ್ತಿಲ್ಲ. ಇದನ್ನು ಬರೆಯುವಾಗಲೇ ಬಾಗಿಲಲ್ಲಿ ಅಣ್ಣಾಸಾಹೇಬನ ದನಿ. ಒಳಗೆ ಬರುತ್ತಿಲ್ಲ. ಇವರು ಕರೆದರೂ ಮೆಟ್ಟಿಲಲ್ಲೇ ನಿಂತಿದ್ದಾನೆ. ನನ್ನ ಜೊತೆ ಅಲ್ಲ, ಇವರ ಜೊತೆ ಮಾತು—

"ಹೊಂಡದ ತಳಕ್ಕ ಕಲ್ಲು ಹಾಸಿ ಸಿಮೆಂಟ್ ಗಿಲಾವು ಮಾಡ್ತಾರೋ, ಬರೇ ಮಣ್ಣೋ? ಬರೇ ಮಣ್ಣಾದ್ರ ಬಣ್ಣ ಮತ್ತ ಬಾವಿಗೇ ಇಳೀತೈತಿ. ಹೇಳ್ರಿ ಆಕಿಗೆ."

ಇದು ನಮಗ್ಯಾರಿಗೂ ಹೊಳೆದಿರಲಿಲ್ಲ. ಇವರು ನನ್ನ ಕಡೆ ನೋಡುತ್ತಿದ್ದಾರೆ. ತಮ್ಮ ಹೊರಟುಬಿಡುತ್ತಾನೋ ಏನೋ, ಏಳಬೇಕು, ಮೊದಲು ಒಳಗೆ ಕರೆದು ಚಹಾ ಕೊಡಬೇಕು.