ನಿನ್ನ ಗಾಡಿಯ ಹೆಡ್ಡು, ನನ್ನ ಗಾಡಿಯ ದನಿ

ಸದಲಗಾ
ಹೋಳಿ ಹುಣ್ಣಿಮೆಯ ಮರುವಾರ, ೧೯೯೨

ಹಾಲಸಿದ್ದಣ್ಣಾ,

ನಿನ್ನನ್ನು ನಾನು ಜೀವಂತ ನೋಡಿದವನಲ್ಲ. ಇಬ್ಬರೂ ಕಬ್ಬಿನ ಗಾಡಿಯವರು. ಎಂದಾದರೂ ಎದುರುಬದುರಾಗಿ ಕೈ ಎತ್ತಿ ದಾಟಿ ಹೋಗಿರಬಹುದು, ಅಷ್ಟೇ. ಆದರೆ ಈ ಹಂಗಾಮಿನಲ್ಲಿ ನೀನು ನನ್ನ ಗಾಡಿಯಲ್ಲಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಸದಲಗಾದ ಭೂಪಾಲ.

ನನ್ನದು ಅಪ್ಪನ ಕಾಲದ ಲಾರಿ. ಕಬ್ಬು ತುಂಬಿ ಏರು ಹತ್ತಿದರೆ ಇಂಜಿನ್ನಿಗೆ ಉಬ್ಬಸ, ರೇಡಿಯೇಟರಿನಲ್ಲಿ ಕುದಿತ. ಇಂಜಿನ್ನಿನ ಹೊಗೆಯಿಂದಲೇ ತಿರುಗಿ ಅದಕ್ಕೆ ಇನ್ನಷ್ಟು ಗಾಳಿ ತುಂಬುವ ಟರ್ಬೋ ಕೂರಿಸಿದರೆ ಮುದಿ ಗಾಡಿಗೂ ಹರೆಯ ಬರುತ್ತದೆ ಎಂದು ಕೊಲ್ಲಾಪುರದಲ್ಲಿ ಕೇಳಿ ಬಂದೆ. ಚಿಕ್ಕೋಡಿಯ ಮಿಸ್ತ್ರಿ ಮುರಗೆಪ್ಪ ಬಾನೆಟ್ ಎತ್ತಿ ನೋಡಿ ನಕ್ಕ.

"ಎರಡೂ ಹೆಡ್ ಸೀಳ್ಯಾವಲೇ ಭೂಪಾಲ. ಇವುಗಳ ಮ್ಯಾಲೆ ಟರ್ಬೋ ಕುಂದರಿಸಿದ್ರ ಇಂಜಿನ್ನ ಕೈಗೆ ಬರತೈತಿ. ಮೊದಲ ಹೆಡ್ ಬದಲ ಮಾಡೂಣು."

ಕೊಲ್ಲಾಪುರದ ಗುಜರಿಯಿಂದ ಎರಡು ಹೆಡ್ ತಂದೆವು. ಸಿಲಿಂಡರುಗಳ ನೆತ್ತಿ ಮುಚ್ಚುವ ಆ ಬೀಡುಕಬ್ಬಿಣದ ದಿಮ್ಮಿಗಳೊಳಗೆ ಹೊಳೆಯ ಸಣ್ಣ ಮರಳು ತುಂಬಿತ್ತು. ಒಂದರ ಅಂಚಿನಲ್ಲಿ ಯಾರೋ ಉಳಿಯಿಂದ 'ಸು' ಎಂದು ಕೊರೆದಿದ್ದರು. ಹಿಂದಿನ ಮಿಸ್ತ್ರಿಯ ಗುರುತು ಎಂದುಕೊಂಡೆವು. ಮುರಗೆಪ್ಪ ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ ಬಿಗಿದ. ಸ್ಟಾರ್ಟ್ ಮಾಡಿದಾಗ ಕೈಯಲ್ಲಿದ್ದ ಪಾನಾ ಕೆಳಗಿಟ್ಟು ಸುಮ್ಮನೆ ಕೇಳುತ್ತ ನಿಂತ. "ಇದು ನಿನ್ನ ಗಾಡಿ ದನಿ ಅಲ್ಲಪಾ," ಎಂದ.

ಮರುದಿನ ಪಾಲಬಾವಿಗೆ ಕಬ್ಬು ತರಲು ಹೋದೆ. ಕಣ್ಣು ಕುಕ್ಕುವ ಬಿಸಿಲು. ಊರ ಹೊರಗಿನ ಹಿಟ್ಟಿನ ಗಿರಣಿಯ ಮುಂದೆ ಇಂಜಿನ್ ತಾನಾಗಿ ಆರಿತು. ಕೆಮ್ಮಲಿಲ್ಲ, ನಡುಗಲಿಲ್ಲ, ಮನೆ ಬಂತೆಂದು ನಿಲ್ಲಿಸಿದ ಹಾಗೆ ನಿಂತಿತು. ಗಿರಣಿಯೊಳಗಿಂದ ಒಬ್ಬ ಹೆಂಗಸು ಹಿಟ್ಟಿನ ಕೈಯಲ್ಲೇ ತಂಬಿಗೆ ಹಿಡಿದು ಓಡಿ ಬಂದಳು, ನಗುತ್ತ. ನನ್ನ ಮುಖ ಕಂಡದ್ದೇ ಆ ನಗು ಹೇಗೆ ಆರಿತು ಅನ್ನುತ್ತೀ! ನೀರು ನೆಲಕ್ಕೆ ಚೆಲ್ಲಿ ಒಳಗೆ ಹೋದಳು.

ಮುಂದಿನ ಸಲವೂ ಹಾಗೆಯೇ. ಅದರ ಮುಂದಿನ ಸಲವೂ. ಮುರಗೆಪ್ಪ ಪಂಪು, ಫಿಲ್ಟರು, ಡೀಸೆಲ್ ಪೈಪು ಎಲ್ಲ ಬಿಚ್ಚಿ ನೋಡಿದ, ದೋಷವೇ ಇರಲಿಲ್ಲ. ರಾಯಬಾಗದಲ್ಲಿ ನಿಲ್ಲದ ಗಾಡಿ, ಮುಗಳಖೋಡದಲ್ಲಿ ನಿಲ್ಲದ ಗಾಡಿ ಆ ಗಿರಣಿಯ ಮುಂದೆ ಮಾತ್ರ ನಿಲ್ಲುತ್ತಿತ್ತು. ಹೆಂಗಸು ಪ್ರತಿ ಸಲವೂ ಓಡಿ ಬರುತ್ತಿದ್ದಳು. ಅಲ್ಲ ಎಂದು ಗೊತ್ತಿದ್ದೂ ಬರುತ್ತಿದ್ದಳು.

ಒಂದು ದಿನ ಅವಳೇ ಬಾನೆಟ್ ಎತ್ತಿಸಿದಳು. ಆ 'ಸು' ಮೇಲೆ ಬೆರಳಿಟ್ಟು, ಬಿಸಿ ತಾಗಿದರೂ ತೆಗೆಯದೆ ನಿಂತಳು.

"ನನ್ನ ಹೆಸರ್ರಿ. ಸುಂದ್ರವ್ವ. ನಮ್ಮವರು ಕೊರದದ್ದು."

ಕಾಗವಾಡದ ಕಡೆ, ಕೃಷ್ಣೆಯ ಮಹಾಪೂರದಲ್ಲಿ ಗಾಡಿಸಮೇತ ನೀನು ಹೋದದ್ದನ್ನು ಆಗ ಹೇಳಿದಳು. ನಿನ್ನನ್ನು ಮಣ್ಣು ಮಾಡಿದರು, ಗಾಡಿಯನ್ನು ಗುಜರಿಗೆ ಹಾಕಿದರು. "ನಾಳೇನ ಈ ಹೆಡ್ ತಗಸ್ತೀನಿ ವೈನಿ," ಎಂದೆ.

"ಬ್ಯಾಡ್ರಿ ಅಣ್ಣಾರ. ಮತ್ತ ಗುಜರಿಗೆ ಒಗೀಬ್ಯಾಡ್ರಿ ಅವನ್ನ." ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಅಥಣಿ ಕಡಿಂದ ಉಡಿಕಿಗೆ ಕೇಳ್ಯಾರ, ಎರಡನೇ ಮದವಿಗಿ. ಲಗಮಣ್ಣ ಅಂತ, ಹೇಣತಿ ತೀರಿಕೊಂಡಾಳ, ಚಲೋ ಮನಷ್ಯಾ. ನಾ ಹೂಂ ಅನ್ನಾಕ ಮನಸ ಗಟ್ಟಿ ಮಾಡಿದಾಗೊಮ್ಮೆ ಈ ದನಿ ಬಂದು ಬಾಗಲಿಗೆ ನಿಂದರತೈತಿ. ಕಾಲ ತಾವ ಓಡತಾವ್ರಿ. ದನಿ ಅಷ್ಟ ಬದಲ ಮಾಡ್ರಿ."

ಹೆಡ್ಡುಗಳಿಗೇ ಹಣ ಮುಗಿದು, ಟರ್ಬೋ ಆಸೆಯನ್ನು ನಾನು ಈ ವರ್ಷಕ್ಕೆ ಬಿಟ್ಟಿದ್ದೆ. ಅವಳ ಮಾತು ಕೇಳಿದ ಮೇಲೆ, ಅದು ಇಂಜಿನ್ನಿನ ದನಿಯನ್ನೂ ಬದಲಿಸುತ್ತದೆಂದು ನೆನಪಾಗಿ, ನಿಪ್ಪಾಣಿಯಲ್ಲಿ ಹುಡುಕಿ ಬಳಸಿದ್ದೊಂದನ್ನು ತಂದೆ. ಮುರಗೆಪ್ಪ ಹೊಗೆಯ ದಾರಿ ತಿರುವಿ, ಎಣ್ಣೆಯ ಪೈಪು ಎಳೆದು ಕೂರಿಸಿದ. ಕಾಲು ಒತ್ತಿದರೆ ಗುಡುಗಿನ ಮೇಲೆ ಸಣ್ಣ ಸಿಳ್ಳು ಏರುತ್ತಿತ್ತು. ಯಾರದೋ ಗಾಡಿ. ನಿನ್ನದಲ್ಲ, ನನ್ನದೂ ಅಲ್ಲ.

ಪಾಲಬಾವಿಯ ಗಿರಣಿ ಹತ್ತಿರವಾದಂತೆ ಇಂಜಿನ್ ಅಭ್ಯಾಸದಂತೆ ಕುಗ್ಗಿತು. ಒತ್ತಿದೆ. ಸಿಳ್ಳು ಏರಿತು, ಇಂಜಿನ್ ಆರಲಿಲ್ಲ. ಸುಂದ್ರವ್ವ ಬಾಗಿಲಲ್ಲೇ ನಿಂತು ಆ ದನಿ ಕೇಳಿದಳು. ಓಡಿ ಬರಲಿಲ್ಲ. ಆಗ, ಅಣ್ಣಾ, ಗಾಡಿ ಇನ್ನೂ ಮೆಲ್ಲಗೆ ಉರುಳುತ್ತಿರುವಾಗ ಎಡಗಡೆಯ ಬಾಗಿಲು ತೆರೆಯಿತು. ಗಾಳಿ ಇರಲಿಲ್ಲ. ಒಬ್ಬ ಆಳು ಇಳಿದಾಗ ಏಳುವಷ್ಟೇ ಕ್ಯಾಬಿನ್ ಮೇಲೆದ್ದಿತು. ಬಾಗಿಲು ಮೆತ್ತಗೆ ಮುಚ್ಚಿತು, ಗಾಜು ಒಡೆಯಬಾರದೆಂದು ಜೋಪಾನ ಮಾಡಿದ ಹಾಗೆ. ಕನ್ನಡಿಯಲ್ಲಿ ನೋಡಿದೆ: ಖಾಲಿ ದಾರಿ. ಅವಳು ಒಳಗೆ ಹೋಗಿದ್ದಳು.

ಹೋದ ವಾರ ಅಥಣಿಯಲ್ಲಿ ಉಡಿಕಿ ಆಯಿತು. ಕರೆದಿದ್ದರು, ಉಂಡು ಬಂದೆ. ಲಗಮಣ್ಣ ಅವಳಿಗೆ ಮೊದಲು ಎಡೆ ಬಡಿಸಿ ಆಮೇಲೆ ತಾನು ಕೂತ. ಅದನ್ನು ನಿನಗೆ ತಿಳಿಸಬೇಕೆನಿಸಿತು.

ಗಿರಣಿಗೆ ಈಗ ಬೀಗ. ನೀನು ಅದರ ಮುಂದಿನ ಕಟ್ಟೆಯ ಮೇಲೆ ಕೂತಿರುವೆಯೇನೋ ಎಂಬ ಚಿಂತೆ ನನಗೆ ಊಟ ಮಾಡಗೊಡುತ್ತಿಲ್ಲ. ಅವಳು ತಿರುಗಿ ಬರುವುದಿಲ್ಲ, ಅಣ್ಣಾ. ಹುಡುಕಿಕೊಂಡು ಅಥಣಿಗೂ ಹೋಗಬೇಡ. ನಾಳೆ ಹಂಗಾಮಿನ ಕೊನೆಯ ಕಬ್ಬು ತರಲು ಬರುತ್ತೇನೆ. ಅಲ್ಲಿ ಗಾಡಿ ನಿಧಾನ ಮಾಡುತ್ತೇನೆ. ಹತ್ತಿಕೋ. ನನಗೇನೂ ಅಂಜಿಕೆಯಿಲ್ಲ, ಇಡೀ ದಾರಿ ಒಬ್ಬನೇ ಇರುತ್ತೇನೆ.

ನಿನ್ನ ದಾರಿ ಹಗುರಾಗಲಿ.

ನಿನ್ನ ಜೋಡಿ ಡ್ರೈವರ್,
ಭೂಪಾಲ